ಮೆಣಸಿನ ಗೆರೆ, ಅತ್ತೆಯ ಮಂಡಿ

ಚಟಗಳಲ್ಲಿ ವಾಸನೆ ಬರುವ ಚಟ, ವಾಸನೆ ಬಾರದ ಚಟ ಎಂದು ಎರಡು ಬಗೆ. ಬೀಡಿ, ಸಾರಾಯಿ, ನಶ್ಯ ಇವೆಲ್ಲ ಮೊದಲನೆಯ ಬಗೆಯವು. ಗಂಡಸು ಅಂಗಳಕ್ಕೆ ಕಾಲಿಡುವ ಮೊದಲೇ ಅಡುಗೆಮನೆಯಲ್ಲಿರುವ ಹೆಂಗಸಿಗೆ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ಅಂಥವನಿಗೆ ಸುಧಾರಿಸಿಕೊಳ್ಳಲು ಒಂದು ಅವಕಾಶವಾದರೂ ಇರುತ್ತದೆ. ನನ್ನದು ಎರಡನೆಯ ಬಗೆಯದು. ಜೈನರ ಮನೆಯಲ್ಲಿ ಹುಟ್ಟಿದವನಾದ್ದರಿಂದ ಕುಡಿತ, ಮಾಂಸ, ಜೇನುತುಪ್ಪ, ನೆಲದೊಳಗಿನ ಗೆಡ್ಡೆ ಇವುಗಳ ಹತ್ತಿರ ಸುಳಿಯದೆ ಬೆಳೆದೆ. ಏನೇನು ಬಿಡಬೇಕು ಎಂಬುದನ್ನು ನಮ್ಮ ಹಿರಿಯರು ಬಹಳ ಎಚ್ಚರದಿಂದ ಯೋಚಿಸಿ ಇಟ್ಟಿದ್ದರು. ಗ್ರಾಫ್ ಕಾಗದ ಒಂದನ್ನು ಮಾತ್ರ ಮರೆತರು. ಆ ಸಣ್ಣ ಕಿಂಡಿಯಲ್ಲಿ ನಾನು ನುಸುಳಿ ಹೋದೆ.

ನಮ್ಮಲ್ಲಿ ಪ್ರತಿಕ್ರಮಣ ಎಂದು ಒಂದು ಕ್ರಮ ಇದೆ. ಮಾಡಿದ ತಪ್ಪನ್ನು ನೆನೆದು, ಒಪ್ಪಿಕೊಂಡು, ದಾರಿ ತಪ್ಪಿದ ಜಾಗದಿಂದ ಹಿಂದಕ್ಕೆ ಬರುವುದು. ದಿನದ ತಪ್ಪನ್ನು ದಿನವೇ ಮುಗಿಸಬೇಕು. ನಾನು ಇದೊಂದನ್ನು ಇಷ್ಟು ವರ್ಷ ಬಾಕಿ ಇಟ್ಟುಕೊಂಡೆ. ಈಗ ಪುಲ್ಪಳ್ಳಿಯ ಚಹಾದಂಗಡಿಗೆ ಹೋದರೆ ಪಕ್ಕದ ಬೆಂಚಿನವನು ಫೋನಿನಲ್ಲಿ ಷೇರು ಸೂಚ್ಯಂಕದ ವಾಯಿದೆಯ ಚಿತ್ರ ನೋಡುತ್ತಾ ಕೂತಿರುತ್ತಾನೆ. ಕೆಂಪು ಕಡ್ಡಿ, ಹಸಿರು ಕಡ್ಡಿ, ಐದು ನಿಮಿಷಕ್ಕೊಂದು. ಅವನ ಚಹಾ ಕೆನೆ ಕಟ್ಟಿದೆ, ಬನ್ನಿಗೆ ಇರುವೆ ಹತ್ತಿದೆ, ಅವನಿಗೆ ಗೊತ್ತಿಲ್ಲ. ನನಗೆ ಮರುಕ ಬರಬೇಕು. ಬರುವುದು ಹೊಟ್ಟೆಕಿಚ್ಚು. ಐದು ನಿಮಿಷಕ್ಕೊಂದು ಕಡ್ಡಿ ಅಂದರೇನು! ನಾವು ಒಂದು ಚುಕ್ಕೆಗಾಗಿ ಇಡೀ ದಿನ ಕಾಯುತ್ತಿದ್ದೆವು. ಇಂಥ ಮನುಷ್ಯ ಇನ್ನೂ ತಡಮಾಡಬಾರದು ಎಂದು ಈ ಬರಹಕ್ಕೆ ಕೂತಿದ್ದೇನೆ.

ಆಗ ವಯನಾಡು ಜಿಲ್ಲೆಯಾಗಿ ಹೆಚ್ಚು ಕಾಲ ಆಗಿರಲಿಲ್ಲ. ಕಲ್ಪೆಟ್ಟಾದ ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಕೈಗೆ ಅಂಟುತ್ತದೆಯೇನೋ ಎಂಬಷ್ಟು ಹೊಸದು. ಜಿಲ್ಲೆಯಾದ ಮೇಲೆ ಜನರಿಗೆ ಎಲ್ಲದರ ಮೇಲೂ ಒಂದು ಹಕ್ಕು ಬಂದಂತಾಗಿತ್ತು. ಬಸ್ಸು ತಡವಾದರೆ 'ಜಿಲ್ಲೆಯಾದ ಮೇಲೂ ಹೀಗೆಯೇ?' ಎನ್ನುವರು, ಹಸು ಹಾಲು ಕಡಿಮೆ ಕೊಟ್ಟರೂ ಅದೇ ಮಾತು. ಅದಕ್ಕೆ ಸರಿಯಾಗಿ ಕರಿಮೆಣಸಿನ ರೇಟು ಏರತೊಡಗಿದ್ದರಿಂದ ಅದೂ ಜಿಲ್ಲೆಯ ಗೌರವಾರ್ಥವೇ ಎಂದು ನಾವು ತಿಳಿದೆವು. ನಮ್ಮ ಮನೆ ಮುಳ್ಳನ್‌ಕೊಲ್ಲಿಯ ಕಡೆ, ಕಬಿನಿಗೆ ಹತ್ತಿರ. ನದಿಯ ಆಚೆ ದಡ ಕರ್ನಾಟಕ. ಅಲ್ಲಿಂದ ನಮ್ಮ ಹಿರಿಯರು ಯಾವಾಗಲೋ ದಾಟಿ ಬಂದು ಇಲ್ಲಿಯವರಾದರು, ಊರಿನವರ ಬಾಯಲ್ಲಿ ಗೌಡರಾದರು. ಆಮೇಲೆ ತೆಂಕಣ ಸೀಮೆಯಿಂದ ಕ್ರಿಶ್ಚಿಯನ್ ಕುಟುಂಬಗಳು ಬಂದು ಸುತ್ತಲೂ ಬಳ್ಳಿ ಹಬ್ಬಿಸಿದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಮೆಣಸಿನ ಅಂಗಡಿಯಲ್ಲಿ ಎರಡನ್ನೂ ಕಲಸಿದ ಒಂದು ಭಾಷೆ. ಹತ್ತನೆಯ ತರಗತಿಯಲ್ಲಿ ನಾನು ಗಣಿತದಲ್ಲಿ ದಾಟಿಕೊಂಡದ್ದು ಗ್ರಾಫಿನ ಪ್ರಶ್ನೆ ಒಂದರ ಕೃಪೆಯಿಂದ. ಬೇರೆ ಯಾವ ಲೆಕ್ಕವೂ ನನ್ನ ಮಾತು ಕೇಳಲಿಲ್ಲ. ಚುಕ್ಕೆ ಇಟ್ಟು ಗೆರೆ ಸೇರಿಸುವುದು ಮಾತ್ರ ಒಲಿದಿತ್ತು. ಒಲಿದ ವಿದ್ಯೆ ಸುಮ್ಮನೆ ಕೂರುವುದಿಲ್ಲ.

ಮೆಣಸಿನ ಲಾರಿಯ ಜೊತೆ ಒಮ್ಮೆ ಕೊಚ್ಚಿಗೆ ಹೋದಾಗ ಶೆಣೈ ಎಂಬ ದಲಾಲಿಯ ಪರಿಚಯವಾಯಿತು. ಸಣ್ಣ ದನಿಯ, ಶುಚಿಯಾದ ಮನುಷ್ಯ. ವಾಯಿದೆ ವ್ಯಾಪಾರ ಅಂದರೇನು ಎಂದು ಅವನೇ ನನಗೆ ತಿಳಿಸಿಕೊಟ್ಟ. ಮುಂದೆ ಬರುವ ಒಂದು ತಿಂಗಳಿಗೆ ಇಷ್ಟು ಮೆಣಸು, ಇಂಥ ರೇಟಿಗೆ ಎಂದು ಇವತ್ತೇ ಮಾತು ಕಟ್ಟಿಕೊಳ್ಳುವುದು. ಮುಂಗಡವಾಗಿ ಸ್ವಲ್ಪ ಹಣ ಇಟ್ಟರೆ ಸಾಕು. ರೇಟು ಏರಿದರೆ ಕೊಂಡವನಿಗೆ ಲಾಭ, ಇಳಿದರೆ ಮಾರಿದವನಿಗೆ. ಮೆಣಸನ್ನು ಯಾರೂ ಮೂಸಿಯೂ ನೋಡಬೇಕಿಲ್ಲ. ಬೆಳೆಗಾರರು ಇದರಲ್ಲಿ ಮಾರುವುದು ಲೇಸು, ಆಗ ರೇಟು ಬಿದ್ದರೂ ಮನೆಯ ಮೆಣಸಿಗೆ ಮೋಸವಿಲ್ಲ ಎಂದೂ ಶೆಣೈ ಹೇಳಿದ. ಈ ಮಾತು ಹೇಳುವಾಗ ನಾನು ಅವನ ಗೋಡೆಯನ್ನು ನೋಡುತ್ತಿದ್ದೆ. ಅಲ್ಲಿ ಗ್ರಾಫ್ ಕಾಗದದ ಮೇಲೆ ಮೆಣಸಿನ ರೇಟು ಬೆಟ್ಟಸಾಲಿನ ಹಾಗೆ ಹರಿದಿತ್ತು. ಇದು ಸಪೋರ್ಟು, ಬಿದ್ದ ರೇಟು ಇಲ್ಲಿಗೆ ಬಂದು ಕಾಲೂರುತ್ತದೆ. ಇದು ರೆಸಿಸ್ಟೆನ್ಸು, ಏರಿದ ರೇಟು ಇಲ್ಲಿ ತಲೆ ತಾಗಿಸಿಕೊಳ್ಳುತ್ತದೆ. ಒಮ್ಮೆ ಇದನ್ನು ಮುರಿದು ಮೇಲೆ ಹೋಯಿತೋ ಮತ್ತೆ ಹಿಡಿಯುವವರಿಲ್ಲ ಎಂದ. ಹತ್ತು ದಿನಗಳ ಸರಾಸರಿ ತೆಗೆದು ಇನ್ನೊಂದು ಗೆರೆ ಎಳೆಯುವುದನ್ನು ತೋರಿಸಿದ. ಹತ್ತನೆಯ ತರಗತಿಯ ಆ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಕೊಚ್ಚಿಗೆ ಬಂದಿತ್ತು. ನಾನು ಕೊಂಡು ತಂದ ಗ್ರಾಫ್ ಕಾಗದದ ಕಟ್ಟನ್ನು ನೋಡಿ ಬಸ್ಸಿನ ಕಂಡಕ್ಟರು ನನ್ನನ್ನು ಮೇಷ್ಟರು ಎಂದು ಕರೆದ. ನಾನು ತಿದ್ದಲಿಲ್ಲ.

ತೊಂದರೆ ಶುರುವಾದದ್ದು ರೇಡಿಯೋದಿಂದ. ನಾವು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ. ದೀಪದ ಬೆಳಕಿಗೆ ಬರುವ ಹುಳ ತಟ್ಟೆಯಲ್ಲಿ ಬಿದ್ದೀತು ಎಂಬ ಕಾಳಜಿಯಿಂದ ಬಂದ ಪದ್ಧತಿ. ಪೇಟೆಯ ರೇಟು ಹೇಳುವ ರೇಡಿಯೋದವರು ಈ ಪದ್ಧತಿಯನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. 'ಕಂಬೋಳ ನಿಲವಾರಂ' ಎಂದು ಅವರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಸೂರ್ಯ ಹಲಸಿನ ಮರದ ಹಿಂದಕ್ಕೆ ಇಳಿಯುತ್ತಿದ್ದ. ಮೊದಲು ಕೊಬ್ಬರಿ, ಕೊಬ್ಬರಿ ಎಣ್ಣೆ, ಅಡಿಕೆ, ಶುಂಠಿ ಎಲ್ಲ ಮುಗಿಯಬೇಕು, ಆಮೇಲೆ ಮೆಣಸು. ಅಡುಗೆಮನೆಯಿಂದ ನನ್ನ ಹೆಂಡತಿ ಪದ್ಮ ಕರೆಯುತ್ತಿದ್ದಳು. ನಾನು ಅಡಿಕೆಯವರೆಗೆ ಬಂದಿದ್ದೇನೆ ಎನ್ನುತ್ತಿದ್ದೆ. ಮೆಣಸು ಬಂದು, ಚುಕ್ಕೆ ಇಟ್ಟು, ಸರಾಸರಿ ತೆಗೆದು ತಲೆ ಎತ್ತಿದರೆ ಹೊರಗೆ ಕತ್ತಲು, ಒಳಗೆ ತೊಳೆದ ಪಾತ್ರೆ. ಹಾಗೆ ಎಷ್ಟೋ ಸಂಜೆ ನಾನು ನೀರು ಕೂಡ ಕುಡಿಯದೆ ಮಲಗಿದೆ. ವಿಷಯ ಹೇಗೋ ಹೊರಗೆ ಹೋಯಿತು. ಆದರೆ ಹೋಗುವಾಗ ಬಟ್ಟೆ ಬದಲಾಯಿಸಿಕೊಂಡು ಹೋಯಿತು. ಗೌಡರು ಏನೋ ಕಠಿಣ ವ್ರತ ಹಿಡಿದಿದ್ದಾರೆ ಎಂದು ಊರಿನವರು ನನಗೆ ದಾರಿ ಬಿಟ್ಟು ನಿಲ್ಲತೊಡಗಿದರು. ಬಸದಿಯಲ್ಲಿ ಒಬ್ಬ ಹಿರಿಯರು ನನ್ನನ್ನು ಯುವಕರಿಗೆ ತೋರಿಸಿ ಮಾತಾಡಿದರು. ನಾನು ಅದನ್ನೂ ತಿದ್ದಲಿಲ್ಲ. ಹಸಿವಿನಿಂದ ಕಣ್ಣು ಒಳಗೆ ಹೋಗಿದ್ದರಿಂದ ಮುಖಕ್ಕೆ ಒಂದು ವೈರಾಗ್ಯದ ಕಳೆಯೂ ಬಂದಿತ್ತು.

ಎರಡು ಮೂರು ಸಲ ನನ್ನ ಗೆರೆ ಹೇಳಿದ ಹಾಗೆಯೇ ರೇಟು ನಡೆಯಿತು. ವ್ರತದಲ್ಲಿರುವ ಮನುಷ್ಯನ ಬಾಯಿಂದ ಬಂದ ಮಾತು ನಿಜವಾದರೆ ಅದರ ತೂಕವೇ ಬೇರೆ. ತೋಟಕ್ಕೆ ಹೋಗುವವರು, ಹಾಲು ಕೊಂಡೊಯ್ಯುವವರು ನಮ್ಮ ಬೇಲಿಯ ಹತ್ತಿರ ನಿಂತು 'ಗೌಡರೇ, ಕೊಡಲೋ ಇಡಲೋ?' ಎಂದು ಕೇಳುವರು. ನಾನು ಆಕಾಶ ನೋಡಿ ಸ್ವಲ್ಪ ಹೊತ್ತು ಬಿಟ್ಟು 'ಇಡಿ' ಎನ್ನುತ್ತಿದ್ದೆ. ಆಕಾಶದಲ್ಲಿ ಏನೂ ಇರಲಿಲ್ಲ. ಆದರೆ ತಕ್ಷಣ ಉತ್ತರ ಕೊಟ್ಟರೆ ಮರ್ಯಾದೆ ಕಡಿಮೆ ಎಂದು ನನಗೆ ಗೊತ್ತಾಗಿತ್ತು.

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಪದ್ಮಳ ತಾಯಿ ಬಾವಲಿಯ ಕಡೆಯವರು. ಆಗ ನಮ್ಮ ಜೊತೆಯಲ್ಲೇ ಇದ್ದರು. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಬಾಹುಬಲಿ ಸ್ವಾಮಿಯ ಪಾದ ಮುಟ್ಟಬೇಕು ಎಂಬುದು ಅವರ ಒಂದೇ ಆಸೆ. ಅದೂ ತನ್ನ ಕಾಲಿನಿಂದಲೇ ಹತ್ತಬೇಕು, ಹೊರಿಸಿಕೊಂಡು ಹೋಗುವುದಲ್ಲ ಎಂಬ ಹಟ. ಆದರೆ ಅವರ ಮಂಡಿ ಹಟದ ಪಕ್ಷದಲ್ಲಿ ಇರಲಿಲ್ಲ. ವರ್ಷ ವರ್ಷಕ್ಕೆ ಬಿಗಿಯುತ್ತಿತ್ತು. ಮಳೆಗಾಲದಲ್ಲಂತೂ ಅವರು ಎದ್ದು ನಿಲ್ಲುವಾಗ ಒಣ ಬಿದಿರು ಮುರಿದ ಸದ್ದು ಬರುತ್ತಿತ್ತು. ಈ ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲು, ಹೋಗಿ ಬಂದುಬಿಡುವುದು ಎಂದು ಪದ್ಮ ಗೊತ್ತುಮಾಡಿದ್ದಳು. ಖರ್ಚಿಗೆ ಅವಳ ಮೆಣಸು ಇತ್ತು. ನಮ್ಮ ಮನೆಯಲ್ಲಿ ಅಂಗಳದ ಸುತ್ತಲಿನ ಮರಗಳಿಗೆ ಹಬ್ಬಿದ ಬಳ್ಳಿ ಹೆಂಗಸರದು. ಅದನ್ನು ಅವರೇ ಕೊಯ್ಯಿಸಿ, ಒಣಗಿಸಿ, ಕೇರಿ, ಚೀಲ ಕಟ್ಟುತ್ತಾರೆ, ಹಣವೂ ಅವರದೇ. ಅಂಗಡಿಗೆ ಮುಟ್ಟಿಸುವುದಷ್ಟೇ ಗಂಡಸಿನ ಕೆಲಸ. ಆ ಒಂದು ಕೆಲಸವನ್ನು ನಾನು ಮಾಡಲಿಲ್ಲ. ಇನ್ನೊಂದು ಏರಿಕೆ ಬಾಕಿ ಇದೆ ಎಂದು ನನ್ನ ಗೆರೆ ಹೇಳುತ್ತಿತ್ತು. ಅವಳ ಚೀಲಗಳೂ ನನ್ನ ಚೀಲಗಳೂ ಅಟ್ಟದ ಮೇಲೆ ಅಕ್ಕಪಕ್ಕ ಕೂತಿದ್ದವು.

ಬೇಸಿಗೆ ಅರ್ಧ ಕಳೆದಾಗ ಒಂದು ಸಂಜೆ ಪದ್ಮ ಬಂದು ರೇಡಿಯೋದ ಕಿವಿ ತಿರುಗಿಸಿ ಆರಿಸಿದಳು. ಅಡಿಕೆ ಆಗಷ್ಟೇ ಮುಗಿದಿತ್ತು.

"ಅಮ್ಮನ ಮಂಡಿ ಈಗ ಮೆಟ್ಟಿಲು ಹತ್ತುತ್ತೆ. ಮುಂದಿನ ವರ್ಷ ಹತ್ತುತ್ತೋ ಇಲ್ವೋ ಯಾರಿಗೆ ಗೊತ್ತು?" ಎಂದಳು. "ನಿಮ್ಮ ಗೆರೆಗೆ ಮಂಡಿ ಇಲ್ಲ. ಅದು ಮುಂದಿನ ವರ್ಷಾನೂ ಹತ್ತುತ್ತೆ."

ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದ ಬಿಡಿಸಿ ರೆಸಿಸ್ಟೆನ್ಸನ್ನು ವಿವರಿಸಿದೆ. ಈ ಗೆರೆಯನ್ನು ರೇಟು ಮೂರು ಸಲ ತಾಗಿ ಹಿಂದೆ ಬಂದಿದೆ, ನಾಲ್ಕನೆಯ ಸಲ ಮುರಿದೇ ಮುರಿಯುತ್ತದೆ, ಆಗ ಬೆಳಗೊಳಕ್ಕೆ ಬಸ್ಸಿನಲ್ಲಲ್ಲ, ಕಾರಿನಲ್ಲಿ ಹೋಗಬಹುದು ಎಂದೆ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ಕಾಗದವನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ನಡುವೆ ಎತ್ತರದ ಒಂದು ಗುಡ್ಡ, ಎರಡು ಕಡೆ ಸಣ್ಣ ಎರಡು ಗುಡ್ಡ. ಇಂಥ ಆಕಾರಕ್ಕೆ ಶೆಣೈ ತಲೆ-ಭುಜ ಎಂಬ ಹೆಸರು ಹೇಳಿ, ಕಂಡ ಕೂಡಲೇ ಮಾರಿ ಹೊರಗೆ ಬರಬೇಕು ಎಂದಿದ್ದ. ನನಗೆ ಮಾತ್ರ ಅದು ಮುಂದಿನ ಎತ್ತರದ ಗುಡ್ಡಕ್ಕೆ ಹೋಗುವ ದಾರಿಯಾಗಿ ಕಾಣುತ್ತಿತ್ತು.

"ಇಳಿಯೋದೂ ಇದೆಯಲ್ಲ ಇದರಲ್ಲಿ, ಅಳಿಯಂದ್ರೇ," ಎಂದರು ಅತ್ತೆ.

ಇಳಿಯುವುದು ಏರುವುದಕ್ಕೆ ಉಸಿರು ತೆಗೆದುಕೊಳ್ಳಲು ಎಂದು ನಾನು ಸಮಾಧಾನ ಹೇಳಿದೆ. ಅವರು ಕಾಗದ ಹಿಂದಕ್ಕೆ ಕೊಟ್ಟು, ಹಾಗಾದರೆ ನನ್ನ ಮಂಡಿಯೂ ಉಸಿರು ತೆಗೆದುಕೊಳ್ಳುತ್ತಿರಬೇಕು ಎಂದು ಬತ್ತಿ ಹೊಸೆಯಲು ಕೂತರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಇದಾದ ಕೆಲವೇ ದಿನಗಳಲ್ಲಿ ಬೇಸಿಗೆಯ ಗಾಳಿಮಳೆ ಬಂತು. ವಯನಾಡಿನ ಏಪ್ರಿಲ್ ಮಳೆ ಒಳ್ಳೆಯ ಮಾತಿನಲ್ಲಿ ಬರುವುದಿಲ್ಲ. ಮನೆ ಮುರಿಯಲು ಬಂದವರ ಹಾಗೆ ಬರುತ್ತದೆ. ಮರಗಳು ಬಿದ್ದು ಮಾನಂದವಾಡಿಯ ದಾರಿ ಮುಚ್ಚಿತು. ವಿದ್ಯುತ್ತು ಹೋಯಿತು, ಪುಲ್ಪಳ್ಳಿಯ ಫೋನ್ ತಂತಿ ಹೋಯಿತು, ಪತ್ರಿಕೆ ಬರುವುದು ನಿಂತಿತು. ಸೆಲ್ಲು ಹಾಕಿದ ನನ್ನ ರೇಡಿಯೋ ಗುಡುಗನ್ನು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನನ್ನ ಗ್ರಾಫಿನಲ್ಲಿ ಒಂದು ದಿನದ ಚುಕ್ಕೆ ಖಾಲಿ ಬಿತ್ತು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ನನ್ನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಎರಡನೆಯ ದಿನ ತಡೆಯಲಾಗದೆ ಕೊಡೆ ಹಿಡಿದು ಪುಲ್ಪಳ್ಳಿಗೆ ನಡೆದೆ. ಅಲ್ಲಿ ಮತ್ತಾಯಿಚೇಟ್ಟನ ಮಲೆ ಸರಕಿನ ಅಂಗಡಿ. ನಮ್ಮ ಕಡೆಯ ಮೆಣಸೆಲ್ಲ ಅವನಿಗೇ ಬೀಳುವುದು. ಬಾಗಿಲಲ್ಲಿ ಒಂದು ಕರಿ ಹಲಗೆ. ಅದರಲ್ಲಿ ದಿನದ ರೇಟು ಸೀಮೆಸುಣ್ಣದಲ್ಲಿ. ನೋಡಿದರೆ ರೇಟು ಏರಿತ್ತು. ಮತ್ತಾಯಿಚೇಟ್ಟ ನನ್ನನ್ನು ಕಂಡದ್ದೇ ಎದ್ದು ಸ್ಟೂಲು ಹಾಕಿ, ಮೆಣಸು ಯಾವಾಗ ಇಳಿಸುತ್ತೀರಿ ಎಂದ. ನಾನು ನನ್ನ ಮಾಮೂಲಿನ ಪ್ರಕಾರ ಆಕಾಶ ನೋಡಿ, "ನೋಕ್ಕಾಂ," ಎಂದೆ. ನೋಡೋಣ ಎಂದರ್ಥ. ಅದನ್ನು ಎಷ್ಟು ನಿಧಾನವಾಗಿ ಹೇಳಬೇಕೋ ಅಷ್ಟು ನಿಧಾನವಾಗಿಯೇ ಹೇಳಿದೆ. ಮನೆಗೆ ಬಂದು ಆ ರೇಟಿನ ಚುಕ್ಕೆ ಇಟ್ಟೆ. ಕೊಚ್ಚಿಯ ಗ್ರಾಫಿನಲ್ಲಿ ಪುಲ್ಪಳ್ಳಿಯ ಚುಕ್ಕೆ ಇಡಬಹುದೇ ಎಂದು ನೀವು ಕೇಳಬಹುದು. ಇಡಬಾರದು. ಆದರೆ ಖಾಲಿ ಜಾಗ ಅಷ್ಟು ಬೇಡುತ್ತಿತ್ತು.

ಮರುದಿನ ಮತ್ತೆ ಹೋದೆ. ಹಲಗೆಯಲ್ಲಿ ಇನ್ನೂ ಏರಿತ್ತು. ಅಂಗಡಿಯ ಮುಂದೆ ನಮ್ಮ ಬೇಲಿಯ ಹತ್ತಿರ ನಿಲ್ಲುವವರೆಲ್ಲ ನಿಂತಿದ್ದರು. ಒಬ್ಬರ ಕೈಯಲ್ಲೂ ಚೀಲವಿಲ್ಲ. ಮನೆಗೆ ಬಂದು ಚುಕ್ಕೆ ಇಟ್ಟೆ. ಮೂರು ಸಲ ತಲೆ ತಾಗಿಸಿಕೊಂಡ ಗೆರೆಯನ್ನು ರೇಟು ದಾಟಿ ಮೇಲೆ ಕೂತಿತು. ಆ ಕ್ಷಣದ ಆನಂದವನ್ನು ನಾನು ಬೇರೆ ಯಾವುದಕ್ಕೂ ಹೋಲಿಸಲಾರೆ. ಮದುವೆಯ ದಿನವೂ ಇಷ್ಟು ಸಂತೋಷ ಆಗಿರಲಿಲ್ಲ ಎಂದು ಪದ್ಮಳಿಗೆ ಹೇಳಿಯೂಬಿಟ್ಟೆ. ಈ ಬರಹದಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪುಗಳಲ್ಲಿ ಅದೂ ಒಂದು. ಇಷ್ಟು ದಿನ ಗೆರೆ ಎಳೆದದ್ದೇ ಹೊರತು ನಾನು ವಾಯಿದೆಗೆ ಕೈ ಹಾಕಿರಲಿಲ್ಲ. ಶೆಣೈಯ ಹತ್ತಿರ ಮುಂಗಡ ಇಟ್ಟು ಬಂದಿದ್ದೆ, ಅಷ್ಟೇ. ಗೆರೆ ಮುರಿದ ದಿನ ತಂತಿ ಕಳಿಸುತ್ತೇನೆ, ಆ ದಿನವೇ ಕೊಳ್ಳು ಎಂದು ಹೇಳಿ ಬಂದಿದ್ದೆ. ಮನೆಯ ಅಟ್ಟದಲ್ಲಿ ಮೆಣಸು ಇಟ್ಟುಕೊಂಡವನು ಮತ್ತೂ ಮೆಣಸು ಕೊಳ್ಳಲು ಹೊರಡುವುದು ಎಂದರೆ, ಮಳೆಯಲ್ಲಿ ಇರುವ ಒಂದು ಕೊಡೆಯನ್ನೂ ಅಡವಿಟ್ಟು ಇನ್ನಷ್ಟು ಮಳೆ ತರಿಸಿಕೊಂಡ ಹಾಗೆ. ಆಗ ಹಾಗೆ ತೋರಲಿಲ್ಲ.

ಮರುದಿನ ಬೆಳಿಗ್ಗೆ ದಾರಿ ತೆರೆಯಿತು. ಮಾನಂದವಾಡಿಗೆ ಹೊರಟ ಮೊದಲ ಜೀಪಿನಲ್ಲೇ ಹಿಂದಿನ ಹಲಗೆಯ ಮೇಲೆ ನಿಂತು ಹೊರಟೆ. ಹೊರಡುವಾಗ ಪದ್ಮ ಏನೋ ಕೇಳಿದಳು. ನಾನು 'ಹೂಂ' ಎಂದೆ. ದಾರಿಯಲ್ಲಿ ಒಂದು ತಿರುವಿನಲ್ಲಿ ಬಿದ್ದ ಮರವನ್ನು ಅರ್ಧ ಮಾತ್ರ ಕಡಿದಿದ್ದರು. ಎದುರಿನಿಂದ ಬಂದ ಜೀಪಿಗೆ ನಮ್ಮ ಜೀಪು ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು. ಆ ಜೀಪಿನ ಮೇಲೆ ಅಷ್ಟು ದಿನಗಳ ಪತ್ರಿಕೆಯ ಕಟ್ಟುಗಳು ಇದ್ದವು. ಕೈ ಚಾಚಿದ್ದರೆ ಒಂದನ್ನು ಎಳೆದುಕೊಳ್ಳಬಹುದಿತ್ತು. ಒಳಗೆ ಕೊಚ್ಚಿಯ ರೇಟು ಅಚ್ಚಾಗಿತ್ತು. ನಾನು ನಮ್ಮ ಡ್ರೈವರನಿಗೆ, ಇವರಿಗೆಲ್ಲ ದಾರಿ ಬಿಡುತ್ತಾ ಕೂತರೆ ನನ್ನ ಕೆಲಸ ಕೆಡುತ್ತದೆ ಎಂದು ಗದರಿದೆ. ಅಂಚೆ ಕಚೇರಿ ಮುಟ್ಟಿ, ಶೆಣೈಗೆ 'ಕೊಳ್ಳು' ಎಂದು ತಂತಿ ಬರೆದುಕೊಟ್ಟು, ಒಂದೇ ಶಬ್ದದ ಕಾರ್ಯವಾದರೂ ಶೋಭೆಗಿರಲಿ ಎಂದು 'ಕೂಡಲೇ' ಎಂದೂ ಸೇರಿಸಿದೆ. ಬಿಸಿಲಿರುವಾಗಲೇ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡೆ. ಬಹಳ ದಿನದ ಮೇಲೆ ವ್ರತ ಮುಗಿದ ಹಾಗಾಯಿತು.

ಮನೆಗೆ ಬಂದರೆ ಅಟ್ಟದ ಮೇಲೆ ಒಂದು ಬದಿ ಖಾಲಿ. ನನ್ನ ಚೀಲಗಳು ಪಕ್ಕದ ಜೋಡಿ ಇಲ್ಲದೆ ಒಂದಕ್ಕೊಂದು ವಾಲಿಕೊಂಡಿದ್ದವು. ಪದ್ಮ ಅಂಗಳದಲ್ಲಿ ಹಳೆಯ ಟ್ರಂಕನ್ನು ಬಿಸಿಲಿಗೆ ಇಟ್ಟು ಒರೆಸುತ್ತಿದ್ದಳು.

"ಎಲ್ಲಿ ನಿನ್ನ ಮೆಣಸು?"

"ಮತ್ತಾಯಿಚೇಟ್ಟನ ಗಾಡಿ ಈ ದಾರಿಯಾಗಿ ಬಂತು, ಕೊಟ್ಟೆ."

"ಕೇಳದೆ ಕೊಟ್ಟೆಯಾ?"

"ಕೇಳಿದ್ನಲ್ಲ. ಗೆರೆ ಮುರಿದ ಮೇಲೆ ಕೊಡಬಹುದಾ ಅಂದೆ. ಹೂಂ ಅಂದು ಜೀಪಿಗೆ ಓಡಿದ್ರಿ."

ಸಿಟ್ಟಿಗಿಂತ ಹೆಚ್ಚಾಗಿ ಮರುಕ ಬಂತು. ಪಾಪ, ಮುಂದಿನ ಏರಿಕೆ ಗೊತ್ತಿಲ್ಲದ ಹೆಂಗಸು. ಬೆಳಗೊಳಕ್ಕೆ ಹೋಗುವಾಗ ನನ್ನ ಲಾಭದಲ್ಲಿ ನಿನಗೂ ಒಂದು ಪಾಲು ಕೊಡುತ್ತೇನೆ ಎಂದು ದೊಡ್ಡ ಮನಸ್ಸು ಮಾಡಿದೆ. ಅವಳು ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟಳು.

ಮರುದಿನ ಸಂಜೆ ಗುಡುಗು ನಿಂತು ರೇಡಿಯೋ ಮಾತಾಡಿತು. ಕೊಬ್ಬರಿ ಆಯಿತು, ಅಡಿಕೆ ಆಯಿತು, ಶುಂಠಿ ಆಯಿತು. ಮೆಣಸಿನ ರೇಟು ಕೇಳಿ, ಇದು ಯಾವುದೋ ಹಳೆಯ ವಾರದ್ದನ್ನು ಓದುತ್ತಿದ್ದಾರೆ ಎಂದುಕೊಂಡೆ. ಅಂಗಳ ದಾಟಿ ಓಡಿ ನೆರೆಯವರ ಮನೆಯಿಂದ ಹೊಸ ಪತ್ರಿಕೆಗಳನ್ನು ತಂದು ನೋಡಿದೆ. ಗಾಳಿಮಳೆಯ ಆ ದಿನಗಳಲ್ಲಿ, ನಾನು ಮೇಲೆ ಮೇಲೆ ಚುಕ್ಕೆ ಇಡುತ್ತಿದ್ದಾಗ, ಕೊಚ್ಚಿಯಲ್ಲಿ ರೇಟು ಮೆಟ್ಟಿಲಿಂದ ಜಾರಿದ ತೆಂಗಿನಕಾಯಿಯ ಹಾಗೆ ಒಂದೇ ಸಮನೆ ಉರುಳಿತ್ತು. ಉರುಳುತ್ತಿರುವಾಗ ನನ್ನ ತಂತಿ ಹೋಗಿ ಅದರ ಕೆಳಗೆ ಕೈ ಒಡ್ಡಿತ್ತು. ಆಮೇಲೂ ಅದು ಇಳಿಯಿತು. ಮುಂಗಡ ಕರಗಿತು, ಇನ್ನಷ್ಟು ಕಳಿಸಿ ಎಂದು ಶೆಣೈ ಬಹಳ ವಿನಯದಿಂದ ಬರೆದ. ಅವನಿಗೆ ಕೊಟ್ಟು ಕೈ ತೊಳೆದುಕೊಳ್ಳಲು ನನ್ನ ಅಷ್ಟೂ ಚೀಲಗಳನ್ನು ಮತ್ತಾಯಿಚೇಟ್ಟನ ಅಂಗಡಿಯಲ್ಲಿ, ಆ ವರ್ಷದ ಅತ್ಯಂತ ಕೆಳಗಿನ ರೇಟಿಗೆ ಇಳಿಸಿದೆ.

ತೂಕವೆಲ್ಲ ಆದ ಮೇಲೆ, ಆ ದಿನಗಳಲ್ಲಿ ನಿನ್ನ ಹಲಗೆಯಲ್ಲಿ ಮಾತ್ರ ರೇಟು ಏರಿದ್ದು ಹೇಗೆ ಎಂದು ಕೇಳಿದೆ. ಮತ್ತಾಯಿಚೇಟ್ಟ ತಕ್ಕಡಿಯ ಸರಪಣಿಯನ್ನು ಕೊಂಡಿಗೆ ಸಿಕ್ಕಿಸಿ ನನ್ನನ್ನೇ ನೋಡಿದ.

"ಗೌಡರೇ, ಫೋನಿಲ್ಲ, ಪತ್ರಂ ಇಲ್ಲ. ನಾನು ಏನು ನೋಡಿ ಬರೀಲಿ? ನಿಮ್ಮನ್ನ ನೋಡಿ ಬರೆದೆ. ನೀವು ಮೂಟೆ ಇಳಿಸ್ತಿಲ್ಲ, ಊರಿನವರಿಗೂ ಇಡಿ ಅಂದಿದ್ದೀರಿ, ಮಳೇಲಿ ಎರಡು ದಿನ ನಡೆದು ಬಂದು ಹಲಗೆ ನೋಡಿ ನೋಕ್ಕಾಂ ಅಂತೀರಿ. ಕೊಚ್ಚಿಯಿಂದ ಏನೋ ತಿಳಿದಿದೆ ಅಂತ ನನಗೆ ಉರಪ್ಪಾಯ್ತು, ಖಾತ್ರಿಯಾಯ್ತು."

"ಮತ್ತೆ ದಾರಿ ತೆರೆದ ದಿನವೇ ರೇಟು ಇಳಿಸಿದ್ದು? ಆಗಲೂ ಫೋನಿರಲಿಲ್ಲವಲ್ಲ."

"ನಿಮ್ಮ ಮನೆಯಮ್ಮ ಮೆಣಸು ಕೊಟ್ಟರಲ್ಲ. ನೀವು ಹೇಳದೆ ಅವರು ಕೊಡ್ತಾರಾ? ಗಾಡಿ ಅಂಗಡಿಗೆ ಬಂದು ಮುಟ್ಟಿದ್ದೇ ಹಲಗೆ ಒರೆಸಿದೆ." ಅವನು ದನಿ ತಗ್ಗಿಸಿ, "ಏರಿದ ರೇಟಿಗೆ ಕೊಂಡ ಆ ಚೀಲದಲ್ಲಿ ನಾನೂ ಬಿದ್ದೆ ಗೌಡರೇ," ಎಂದ.

ಅವನು ನನ್ನ ಮುಖ ನೋಡಿ ಹಲಗೆಯ ಮೇಲೆ ಬರೆದ. ನಾನು ಅವನ ಹಲಗೆ ನೋಡಿ ಗೆರೆ ಎಳೆದೆ. ಗೆರೆ ನೋಡಿ ನನ್ನ ಮುಖ ಇನ್ನೂ ಗಂಭೀರವಾಯಿತು. ಅದನ್ನು ನೋಡಿ ಅವನು ಇನ್ನೂ ಏರಿಸಿದ. ಸಪೋರ್ಟು ನಾನೇ, ರೆಸಿಸ್ಟೆನ್ಸೂ ನಾನೇ. ಅಷ್ಟು ದಿನ ನಾನು ಬಿಡಿಸಿದ್ದು ನನ್ನದೇ ಜಂಬದ ಏರಿಳಿತ. ಇಡೀ ಪುಲ್ಪಳ್ಳಿ ಸೀಮೆಯಲ್ಲಿ ಆ ರೇಟಿಗೆ ಮೆಣಸು ಮಾರಿದವಳು ಒಬ್ಬಳೇ. ಅವಳು ನೋಡಿದ್ದು ಹಲಗೆಯನ್ನಲ್ಲ, ತಾಯಿಯ ಮಂಡಿಯನ್ನು.

ಮಳೆ ಹಿಡಿಯುವ ಮೊದಲು ಹೊರಟೆವು. ಪೆರಿಕ್ಕಲ್ಲೂರು ಕಡವಿನಲ್ಲಿ ದೋಣಿ ಹತ್ತಿ, ಬೈರಕುಪ್ಪೆಯಲ್ಲಿ ಇಳಿದು, ಅಲ್ಲಿಂದ ಬಸ್ಸು. ಟಿಕೆಟ್ಟಿಗೆ ಪದ್ಮಳೇ ಸೆರಗಿನ ಗಂಟು ಬಿಚ್ಚಿದಳು. ಕಂಡಕ್ಟರು ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಮಾರನೆಯ ಬೆಳಿಗ್ಗೆ, ಬಂಡೆ ಇನ್ನೂ ತಣ್ಣಗಿರುವಾಗಲೇ, ದೊಡ್ಡಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ನಿಂತೆವು. ಅತ್ತೆ ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮಗಳ ಭುಜ ಹಿಡಿದು ಹತ್ತತೊಡಗಿದರು. ಸ್ವಲ್ಪ ಹತ್ತುವುದು, ಕೂರುವುದು, ಣಮೋಕಾರ ಮಂತ್ರ ಹೇಳುವುದು, ಮತ್ತೆ ಹತ್ತುವುದು. ಅವರು ಅರ್ಧ ದಾರಿಯನ್ನೂ ಮುಟ್ಟಲಾರರು ಎಂದು ನಾನು ಅಂದಾಜು ಮಾಡಿದೆ. ಅಂದಾಜು ಮಾಡಿ, ನಾಲ್ಕು ಮೆಟ್ಟಿಲು ಹತ್ತಿ, ಎದೆ ಹಿಡಿದುಕೊಂಡು ನಾನೇ ಕೂತೆ. ಒಂದು ಬೇಸಿಗೆ ಪೂರ್ತಿ ಕಾಗದದ ಮೇಲೆ ಹತ್ತಿದ್ದ ಕಾಲು ಬಂಡೆಯ ಮೇಲೆ ಹತ್ತಲು ಒಪ್ಪಲಿಲ್ಲ. ನೀವು ಹೋಗಿ, ನಾನು ಡೋಲಿಯಲ್ಲಿ ಬರುತ್ತೇನೆ ಎಂದು ಹೆಂಗಸರನ್ನು ಕಳಿಸಿದೆ. ಪದ್ಮ ಡೋಲಿಗೆಂದು ಹಣ ಎಣಿಸಿ ಕೈಗೆ ಕೊಟ್ಟು ಹೋದಳು.

ಡೋಲಿಯವರು ಒಂದು ರೇಟು ಹೇಳಿದರು. ನ್ಯಾಯವಾದ ರೇಟೇ. ಆದರೆ ನಾನು ಸುತ್ತ ನೋಡಿದೆ. ಖಾಲಿ ಡೋಲಿಗಳು ಸಾಲಾಗಿ ನಿಂತಿವೆ, ಯಾತ್ರಿಕರು ಕಡಿಮೆ. ಸ್ವಲ್ಪ ಹೊತ್ತು ತಡೆದರೆ ರೇಟು ಇಳಿಯಲೇಬೇಕು ಎಂದು ನನ್ನೊಳಗಿನ ಗೆರೆ ಎಳೆಯುವವನು ಹೇಳಿದ. ಕಲ್ಲಿನ ಕಟ್ಟೆಯ ಮೇಲೆ ಕೂತು, ನೋಡೋಣ ಎಂದೆ. ಅಷ್ಟರಲ್ಲಿ ಯಾತ್ರಿಕರ ಬಸ್ಸುಗಳು ಬಂದವು. ರೇಟು ಏರಿತು. ಇದು ತಾತ್ಕಾಲಿಕ ಎಂದುಕೊಂಡೆ. ಬಿಸಿಲು ಏರಿ ಬಂಡೆ ಕಾಯತೊಡಗಿತು. ಕಾದ ಬಂಡೆಯ ಮೇಲೆ ಹೊರುವ ರೇಟೇ ಬೇರೆ ಎಂದರು. ನಾನು ಇನ್ನೂ ಕಟ್ಟೆಯ ಮೇಲಿದ್ದಾಗಲೇ ಮೇಲಿಂದ ಅತ್ತೆ ಮಗಳ ಕೈ ಹಿಡಿದು, ಒಂದೊಂದೇ ಮೆಟ್ಟಿಲಿನಲ್ಲಿ ಕೂತು ಜರುಗುತ್ತಾ ಇಳಿದು ಬಂದರು. ಅಂಗಾಲು ಸುಟ್ಟಿತ್ತು, ಸೀರೆ ಹಿಂದುಗಡೆ ಸವೆದಿತ್ತು. ಮುಖ ಮಾತ್ರ ಹುಡುಗಿಯ ಮುಖ. ನನ್ನನ್ನು ನೋಡಿ, ನನ್ನ ಹಿಂದೆ ನಿಂತ ಡೋಲಿಯವರನ್ನು ನೋಡಿ, ಅವರಿಗೆ ವಿಷಯ ತಿಳಿಯಿತು.

"ಪದ್ಮಾ, ಇವರು ಕೇಳಿದಷ್ಟು ಕೊಟ್ಟು ನಿನ್ನ ಗಂಡನ್ನ ಹೊರಿಸಿ ಕಳಿಸು," ಎಂದರು. "ಸ್ವಾಮಿಯನ್ನ ನೋಡದೆ ಹೋಗಬಾರದು. ಪಾಪ, ಬಹಳ ಹೊತ್ತಿನಿಂದ ಕಾದಿದ್ದಾರೆ."

ಹಾಗೆ, ಆ ದಿನದ ಅತ್ಯಂತ ದುಬಾರಿ ರೇಟಿಗೆ, ಹೆಂಡತಿಯ ಮೆಣಸಿನ ಹಣದಲ್ಲಿ, ನಾನು ಬೆಟ್ಟ ಏರಿದೆ. ಹೊರುವವರು ನಡುವೆ ಇಳಿಸಿ ಬೆವರು ಒರೆಸಿಕೊಂಡಾಗ ಕಣ್ಣು ಮುಚ್ಚಿಕೊಂಡೆ. ಮೇಲೆ ಒಳಬಾಗಿಲು ದಾಟಿ ತಲೆ ಎತ್ತಿದರೆ ಸ್ವಾಮಿ ನಿಂತಿದ್ದ. ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು, ಮೈಮೇಲಿನ ನೂಲನ್ನೂ ಬಿಟ್ಟು ಬಂದು ನಿಂತವನು. ನಿಂತಲ್ಲೇ ಎಷ್ಟು ಕಾಲ ನಿಂತನೆಂದರೆ ಬಳ್ಳಿಗಳು ಮರವೆಂದು ತಿಳಿದು ಅವನ ಕಾಲಿಗೆ ಹಬ್ಬಿ, ತೊಡೆ ಸುತ್ತಿ, ತೋಳಿಗೆ ಹೋಗಿವೆ. ಕಣ್ಣಲ್ಲಿ ನೀರು ಬಂತು. ಇಷ್ಟು ದಿನದ ತಪ್ಪನ್ನೆಲ್ಲ ಒಪ್ಪಿಸಿ ಬಿಡಬೇಕೆಂದು ಕೈ ಮುಗಿದೆ. ಬಾಯಲ್ಲಿ ಣಮೋಕಾರ ಸರಿಯಾಗಿಯೇ ನಡೆಯುತ್ತಿತ್ತು. ಕಣ್ಣು ಮಾತ್ರ ಆ ಕಲ್ಲಿನ ಬಳ್ಳಿಯನ್ನು ಬುಡದಿಂದ ಹಿಡಿದು ಮೇಲೆ ಮೇಲೆ ಹೋಗುತ್ತಿತ್ತು. ಹಬ್ಬುವುದು ಚೆನ್ನಾಗಿ ಹಬ್ಬಿದೆ, ಗೆಣ್ಣಿಗೊಂದು ಕದಿರು ಬಿಟ್ಟರೂ ಎರಡು ಚೀಲಕ್ಕೆ ಮೋಸವಿಲ್ಲ, ಮಳೆಗಾಲ ಕಳೆಯುವವರೆಗೆ ಇಟ್ಟುಕೊಂಡರೆ ಎಂದು ಮನಸ್ಸು ಅಲ್ಲಿಯವರೆಗೆ ಹೋಗಿ, ನಾಚಿಕೊಂಡು, ನಿಂತಿತು.